ಸಾವಿರ ಮಿಲಿಮೀಟರ್ ಹಿಡಿಸದ ಕಾಲಂ

ಮಳೆ ಲೆಕ್ಕದ ಹಳೆಯ ಪ್ರೋಗ್ರಾಂ ಒಂದರ ಲಾಗ್ ಫೈಲಿನಲ್ಲಿ, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ಕಡತದಲ್ಲಿ, ಜುಲೈ ತಿಂಗಳ ಸಾಲು ಹೀಗಿತ್ತು: ಕೇಂದ್ರದ ಸಂಖ್ಯೆ, ವರ್ಷ, ತಿಂಗಳು, ಒಟ್ಟು ಮಳೆ ಇರಬೇಕಾದಲ್ಲಿ *****, ಅದರ ಪಕ್ಕದಲ್ಲಿ ಒಂದೇ ದಿನ ಸುರಿದ ಅತಿ ಹೆಚ್ಚಿನ ಮಳೆ. ಮೇ ತಿಂಗಳಿಗೆ ಅಂಕಿ ಇತ್ತು, ಸೆಪ್ಟೆಂಬರಿಗೆ ಇತ್ತು. ಜುಲೈಗೆ ಮಾತ್ರ ಐದು ನಕ್ಷತ್ರ. ಮಳೆಮಾಪಕಕ್ಕೆ ತರಗೆಲೆ ಬಿದ್ದು ಕೊಳವೆ ಕಟ್ಟಿಕೊಂಡಿರಬೇಕು, ಸೆನ್ಸರ್ ಏನೋ ಅರ್ಥವಿಲ್ಲದ್ದನ್ನು ಕಳುಹಿಸಿರಬೇಕು ಎಂದು ತಂಡದಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮಾಪಕದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆ ತಿಂಗಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬಂದಿತ್ತು, ಅಷ್ಟೇ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಬರುತ್ತದೆ. ಒಂದು ತಿಂಗಳಿಗೆ ಸಾವಿರ ದಾಟುವುದು ಇಲ್ಲಿನವರಿಗೆ ಸುದ್ದಿಯೇ ಅಲ್ಲ. ಆದರೆ ಆ ಪ್ರೋಗ್ರಾಂ ಬರೆದವರು ಒಟ್ಟು ಮಳೆಗೆ ಕೊಟ್ಟ ಜಾಗ ಐದು ಅಕ್ಷರದ್ದು: ಮೂರು ಅಂಕಿ, ಒಂದು ಚುಕ್ಕಿ, ಚುಕ್ಕಿಯ ನಂತರ ಒಂದು ಅಂಕಿ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 999.9. ಚಳ್ಳಕೆರೆಯಂಥ ಊರಿನಲ್ಲಿ ವರ್ಷವಿಡೀ ಬಿದ್ದದ್ದನ್ನು ಕೂಡಿಸಿದರೂ ಆ ಗೆರೆ ಮುಟ್ಟುವುದಿಲ್ಲ. ಅಂಥ ಕಡೆಯ ಲೆಕ್ಕ ಇಟ್ಟವರಿಗೆ ಅದು ಧಾರಾಳವಾದ ಜಾಗವೆಂದೇ ತೋರಿರಬೇಕು. ಲಾಗ್‌ನ ಪ್ರತಿಯೊಂದು ಫಾರ್ಮ್ಯಾಟಿನಲ್ಲಿಯೂ, ಅಂದರೆ ಬರೆಯುವ ಅಚ್ಚಿನಲ್ಲಿಯೂ, ಇಂಥ ಒಂದು ಊಹೆ ಇರುತ್ತದೆ: ಜಗತ್ತಿನಲ್ಲಿ ಏನೇನು ನಡೆಯಬಹುದು, ಎಷ್ಟರ ಮಟ್ಟಿಗೆ ನಡೆಯಬಹುದು ಎಂಬ ಊಹೆ. ಮಗು ಹುಟ್ಟುವ ಮೊದಲೇ ಹೊಲಿದಿಟ್ಟ ಅಂಗಿ ಅದು. ನಮ್ಮ ಜುಲೈ ಆ ಅಂಗಿಗೆ ಹಿಡಿಸಲಿಲ್ಲ.

ಬದಿಯಡ್ಕದ ಹತ್ತಿರದ ಮನೆಯಿಂದ ನಾನು ಮಾಡುವ ಕೆಲಸವೇ ಇದು. ಮಳೆಮಾಪಕಗಳಿಂದ, ಬಾವಿಯ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿಂದ ಬರುವ ದತ್ತಾಂಶವನ್ನು ಶುದ್ಧಮಾಡಿ ಸಂಶೋಧಕರ ಕೈಗೆ ಕೊಡುವ ತಂತ್ರಾಂಶವನ್ನು ನೋಡಿಕೊಳ್ಳುವುದು. ಲೆಕ್ಕದ ತಪ್ಪಿಗೆ ಜನ ಕೊಡುವ ಗಮನವನ್ನು ಲಾಗ್‌ನ ತಪ್ಪಿಗೆ ಕೊಡುವುದಿಲ್ಲ. ‘ಉತ್ತರ ಸರಿ ಇದೆಯಲ್ಲ, ಲಾಗ್ ಹೇಗಿದ್ದರೇನು’ ಎಂಬ ಮಾತು ನನ್ನನ್ನು ಪ್ರತಿ ಸಲವೂ ಕೆಣಕುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವುದಕ್ಕೆ ನಮ್ಮ ಬಳಿ ಇರುವುದೇ ಲಾಗ್. ಲಕ್ಷಗಟ್ಟಲೆ ಅಂಕಿಗಳ ಮೇಲೆ ಪ್ರೋಗ್ರಾಂ ಏನು ಮಾಡಿತು, ಯಾವುದನ್ನು ಬಿಟ್ಟಿತು, ಯಾವುದನ್ನು ಬದಲಿಸಿತು ಎಂಬುದನ್ನು ಮನುಷ್ಯ ಓದಬಹುದಾದ ಜಾಗ ಅದೊಂದೇ.

ಆ ಹಳೆಯ ಪ್ರೋಗ್ರಾಂ ಬರೆದದ್ದು ಫೋರ್ಟ್ರಾನ್ ಭಾಷೆಯಲ್ಲಿ. ಅದರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಹೊರತಂದ ಆ ಭಾಷೆಯಲ್ಲಿ ಬರೆದ ಹವಾಮಾನದ ಪ್ರೋಗ್ರಾಂಗಳು ಇಂದಿಗೂ ಓಡುತ್ತಿವೆ. ಕೊಟ್ಟ ಜಾಗದಲ್ಲಿ ಸಂಖ್ಯೆ ಹಿಡಿಸದಿದ್ದರೆ ಅದು ಸಂಖ್ಯೆಯನ್ನು ಕತ್ತರಿಸುವುದಿಲ್ಲ, ಪಕ್ಕದ ಕಾಲಂಗೆ ನುಗ್ಗುವುದೂ ಇಲ್ಲ. ಆ ಜಾಗವನ್ನು ಪೂರ್ತಿ ನಕ್ಷತ್ರಗಳಿಂದ ತುಂಬಿಸುತ್ತದೆ. ‘ಇಲ್ಲಿ ಒಂದು ಸಂಖ್ಯೆ ಇದೆ, ನನಗೆ ಬರೆಯಲಾಗುತ್ತಿಲ್ಲ’ ಎಂದು ಹೇಳಿದ ಹಾಗೆ. ನಕ್ಷತ್ರ ಕಂಡರೆ ಹೊಸಬರು ಭಾಷೆಯನ್ನು ಬೈಯುತ್ತಾರೆ. ನಾನು ಅದಕ್ಕೆ ಕೃತಜ್ಞ.

ಏಕೆಂದರೆ ಇನ್ನೊಂದು ರೀತಿಯದ್ದನ್ನೂ ಕಂಡಿದ್ದೇನೆ. ನಕ್ಷತ್ರಗಳ ಕಾಟ ತಪ್ಪಿಸಲೆಂದು ಬರೆಯುವ ಭಾಗವನ್ನು ಮಾತ್ರ ಪೈಥಾನ್ ಎಂಬ ಇನ್ನೊಂದು ಭಾಷೆಗೆ ಬದಲಿಸಿದ ಒಂದು ಪ್ರತಿ ಚಾಲ್ತಿಯಲ್ಲಿತ್ತು. ಓದುವ ಭಾಗ ಹಳೆಯ ಫೋರ್ಟ್ರಾನ್‌ದೇ. ಸಿ ಭಾಷೆಯಲ್ಲಾಗಲಿ ಪೈಥಾನ್‌ನಲ್ಲಾಗಲಿ ಅಗಲ ಎಂದರೆ ಕನಿಷ್ಠ ಅಗಲ; ಸಂಖ್ಯೆ ದೊಡ್ಡದಾದರೆ ಅದು ಹಿಗ್ಗಿಕೊಂಡು ಮುಂದಿನದನ್ನು ತಳ್ಳುತ್ತದೆ. ಒಟ್ಟು ಮಳೆ 1043.6, ಒಂದು ದಿನದ ಗರಿಷ್ಠ 87.2 ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ಬರುವುದು ‘1043.6 87.2’. ಮನುಷ್ಯನ ಕಣ್ಣಿಗೆ ಎಲ್ಲವೂ ಸರಿ. ಓದುವ ಪ್ರೋಗ್ರಾಂ ಮಾತ್ರ ಐದೈದು ಅಕ್ಷರಗಳನ್ನೇ ಎಣಿಸಿ ತೆಗೆದುಕೊಳ್ಳುತ್ತದೆ. ಮೊದಲ ಐದು ‘1043.’, ಅಂದರೆ 1043. ಮುಂದಿನ ಐದು ‘6 87.’, ನಡುವಿನ ಖಾಲಿ ಜಾಗವನ್ನು ಫೋರ್ಟ್ರಾನ್ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಅದು 687 ಎಂದು ಓದಿಕೊಳ್ಳುತ್ತದೆ. ಒಂದೇ ದಿನ 687 ಮಿಲಿಮೀಟರ್! ಎಲ್ಲೂ ದೋಷದ ಸೂಚನೆ ಇಲ್ಲ, ಪ್ರೋಗ್ರಾಂ ನಿಂತಿಲ್ಲ. ಊರು ಕೊಚ್ಚಿಹೋಗುವಂಥ ಮಳೆಯೊಂದು ಬರೀ ಕಾಲಂ ಸರಿದದ್ದರಿಂದ ಹುಟ್ಟಿಕೊಂಡಿತು. ಇದು ಇಷ್ಟು ದೊಡ್ಡದಾಗಿದ್ದರಿಂದ ಕಣ್ಣಿಗೆ ಬಿತ್ತು. ಒಟ್ಟು ಮಳೆಯಲ್ಲಿ ಕಳೆದುಹೋದ 0.6 ಯಾರಿಗೂ ಕಾಣುತ್ತಿರಲಿಲ್ಲ.

ಸರಿಪಡಿಸುವುದು ಕಷ್ಟವಾಗಲಿಲ್ಲ. ಕಾಲಂ ಅಗಲ ಮಾಡಿದೆವು, ಅಂಕಿಗಳ ನಡುವೆ ಬೇರ್ಪಡಿಸುವ ಗುರುತು ಹಾಕಿದೆವು, ದಿನದ ಸಾಲುಗಳನ್ನು ಕೂಡಿಸಿ ಹಳೆಯ ಜುಲೈಗಳನ್ನು ಮತ್ತೆ ಪಡೆದೆವು. ಕಷ್ಟವಾದದ್ದು ಬೇರೆ: ಇಂಥ ಸಾಲುಗಳನ್ನು ಓದಿ ಮುಂದೆ ಹೋದ ಲೆಕ್ಕಗಳು ಯಾವುವು ಎಂದು ಹುಡುಕುವುದು. ತಪ್ಪಾದ ಅಂಕಿಗೆ ತಾನು ಎಲ್ಲಿಂದ ಬಂದೆ ಎಂಬ ನೆನಪಿರುವುದಿಲ್ಲ.

ಈ ಅಂಕಿಗಳು ಯಾರಿಗೆ ಬೇಕು ಎಂದು ಕೇಳಿದರೆ ನಮ್ಮ ಸುತ್ತಲಿನ ಅಡಿಕೆ ತೋಟಗಳನ್ನು ತೋರಿಸಬೇಕು. ಕೊಳೆರೋಗಕ್ಕೆ ಮಳೆಗಾಲ ಶುರುವಾಗುವ ಹೊತ್ತಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ, 40–45 ದಿನ ಕಳೆದ ಮೇಲೆ ಇನ್ನೊಮ್ಮೆ. ಎರಡನೆಯ ಸಲ ಮದ್ದು ಬಿಡುವ ಹೊತ್ತಿಗೆ ಆಟಿಯ (ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು) ಮಳೆ. ಬಿಡುವು ಸಿಕ್ಕಿದ ದಿನವನ್ನು ಬಿಡುವಂತಿಲ್ಲ, ಬಿಟ್ಟ ಮದ್ದು ತೊಳೆದುಹೋಗುವಂತೆಯೂ ಇಲ್ಲ. ಯಾವ ದಿನ ಎಷ್ಟು ಮಳೆ, ಎಷ್ಟು ದಿನ ಎಡೆಬಿಡದೆ ಎಂಬ ಹಳೆಯ ದಾಖಲೆಯಿಂದಲೇ ರೋಗ ಮತ್ತು ಮಳೆಯ ಸಂಬಂಧವನ್ನು ಅರ್ಥಮಾಡಿಕೊಳ್ಳಬೇಕು. ಅಲ್ಲಿ ತಾರೀಖು ಒಂದು ದಿನ ಆಚೀಚೆ ಆದರೆ ಸಂಬಂಧವೇ ಮಸುಕಾಗುತ್ತದೆ.

ತಾರೀಖಿನ ವಿಷಯದಲ್ಲಿ ನನಗೆ ಪಾಠ ಹೇಳಿದವರು ಊರಿನ ಹಿರಿಯ ಕೃಷಿಕರೊಬ್ಬರು. ವರುಷಗಳಿಂದ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟವರು. ಅವರ ಡೈರಿಯನ್ನೂ ಹತ್ತಿರದ ನಮ್ಮ ಕೇಂದ್ರದ ಲಾಗ್ ಅನ್ನೂ ಅಕ್ಕಪಕ್ಕ ಇಟ್ಟರೆ ತಿಂಗಳ ಮೊತ್ತ ಚೆನ್ನಾಗಿಯೇ ಹೊಂದುತ್ತಿತ್ತು. ದಿನದ ಅಂಕಿ ಮಾತ್ರ ಎಲ್ಲೂ ಹೊಂದುತ್ತಿರಲಿಲ್ಲ.

“ಮಾವ, ನೀವು ಅಳೆಯುವುದು ಎಷ್ಟು ಹೊತ್ತಿಗೆ?” ಎಂದು ಕೇಳಿದೆ.

“ಹಾಲು ಕರೆದಾದ ಮೇಲೆ, ಏಳು ಗಂಟೆಗೆ. ಆದರೆ ಅದನ್ನು ನಿನ್ನೆಯ ಪುಟದಲ್ಲಿ ಬರೆಯುತ್ತೇನೆ. ನಿನ್ನೆ ಬಂದ ಮಳೆಯಲ್ಲವೋ ಮಾರಾಯ ಅದು?”

ಅವರ ಮಾತಿನಲ್ಲಿ ಏನೂ ತಪ್ಪಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಮತ್ತು ಆ 24 ಗಂಟೆಗಳ ಮಳೆ ಮುಗಿದ ದಿನದ ತಾರೀಖಿಗೆ ಸೇರುತ್ತದೆ. ಮಾವನ ಪುಟದಲ್ಲಿ 14 ಎಂದಿರುವುದು ಇಲಾಖೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ 15. ಇವೆರಡರ ನಡುವೆ ನಮ್ಮ ಲಾಗ್ ಮೂರನೆಯ ದಾರಿ ಹಿಡಿದಿತ್ತು. ಸರ್ವರ್ ಓಡುತ್ತಿದ್ದುದು ಅಂತರರಾಷ್ಟ್ರೀಯ ಸಮಯದಲ್ಲಿ. ಅಲ್ಲಿನ ಮಧ್ಯರಾತ್ರಿ ಎಂದರೆ ನಮಗೆ ಬೆಳಗಿನ 5:30. ಲಾಗ್‌ನ ತಾರೀಖು ಬದಲಾಗುವುದು ಆಗ. ಇಲಾಖೆಯ 8:30 ಎಂಬುದು ಅಲ್ಲಿಯ ಗಡಿಯಾರದಲ್ಲಿ 3:00. ಹೀಗಾಗಿ ಎಂಟೂವರೆಯ ನಂತರದ ಮಳೆ ಇಲಾಖೆಯ ಲೆಕ್ಕದಲ್ಲಿ ಮರುದಿನಕ್ಕೆ ಹೋಗುತ್ತಿತ್ತು; ಬೆಳಗಿನ ಜಾವ ಐದೂವರೆಯಿಂದ ಏಳರವರೆಗೆ ಸುರಿದದ್ದು ಮಾವನ ಡೈರಿಯಲ್ಲಿ ಹಿಂದಿನ ದಿನಕ್ಕೆ, ನಮ್ಮ ಲಾಗ್‌ನಲ್ಲಿ ಅದೇ ದಿನಕ್ಕೆ ಸೇರುತ್ತಿತ್ತು. ಮಳೆಗಾಲದಲ್ಲಿ ಆ ಹೊತ್ತಿನ ಮಳೆ ಎಷ್ಟು ಜೋರಾಗಿರುತ್ತದೆ ಎಂದು ಇಲ್ಲಿ ಬೆಳಿಗ್ಗೆ ಶಾಲೆಗೆ ನಡೆದವರಿಗೆಲ್ಲ ಗೊತ್ತು.

ಇದರ ಮೂಲ ಒಂದು ಸಣ್ಣ ಸಂಗತಿ. 2003ರಲ್ಲಿ ಪೈಥಾನ್ 2.3ರೊಂದಿಗೆ ಬಂದ ಲಾಗಿಂಗ್ ಮಾಡ್ಯೂಲ್‌ಗೆ (ಲಾಗ್ ಬರೆಯುವ ಸಿದ್ಧ ಭಾಗ) ಸಮಯ ಬರೆಯಲು ಹೇಳಿದರೆ ಅದರ ಮೂಲ ಫಾರ್ಮ್ಯಾಟಿನಲ್ಲಿ ಸಮಯವಲಯ ಇರುವುದಿಲ್ಲ. ‘2024-07-15 05:29:58,412’ ಎಂದು ಬರೆದುಕೊಂಡು ಹೋಗುತ್ತದೆ, ಯಂತ್ರ ಯಾವ ಸಮಯದಲ್ಲಿದೆಯೋ ಆ ಸಮಯ. ಆ ಯಂತ್ರ ಬದಿಯಡ್ಕದಲ್ಲಿದೆಯೋ ಬೇರೆ ಖಂಡದಲ್ಲಿದೆಯೋ ಎಂದು ಸಾಲು ನೋಡಿ ಹೇಳುವುದಕ್ಕೆ ಆಗುವುದಿಲ್ಲ. ತಾರೀಖು ಮತ್ತು ಸಮಯ ಬರೆಯುವ ಐಎಸ್ಒ 8601 ಮಾನದಂಡ 1988ರಲ್ಲಿಯೇ ಬಂದಿದೆ. ಕೊನೆಯಲ್ಲಿ +05:30 ಎಂದು ಸೇರಿಸಿದರೆ ಮುಗಿಯಿತು. ಆರು ಅಕ್ಷರ. (ಆ 58ರ ನಂತರದ ಅಲ್ಪವಿರಾಮವನ್ನೂ ಗಮನಿಸಿ. ಲಾಗ್ ಅನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಕಾಲಂಗಳಾಗಿ ಓದಲು ಹೊರಟವರಿಗೆ ಪ್ರತಿ ಸಾಲಿನಲ್ಲೂ ಒಂದು ಕಾಲಂ ಹೆಚ್ಚಾಗುವುದು ಅದರಿಂದಲೇ.)

ಮಾವನ ಡೈರಿಯನ್ನು ‘ಸರಿಪಡಿಸ’ಬೇಕು ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಅವರು ಯಾವಾಗ ಅಳೆದರು, ಯಾವ ದಿನಕ್ಕೆ ಬರೆದರು ಎಂಬುದನ್ನು ದತ್ತಾಂಶದ ಜೊತೆಗೇ ಬರೆದಿಟ್ಟೆವು. ಹೋಲಿಕೆ ಮಾಡುವಾಗ ಪ್ರೋಗ್ರಾಂ ಬೇಕಾದರೆ ಪುಟ ಸರಿಸಿಕೊಳ್ಳಲಿ. ಬರೆದವರ ಕೈಬರಹ ಹಾಗೆಯೇ ಇರಬೇಕು.

ಸಮಯದ ಇನ್ನೊಂದು ದೋಷ ಬಹಳ ಸಣ್ಣದು, ಆದರೆ ಚಾಲಾಕಿನದು. ಪೈಥಾನ್‌ನಲ್ಲಿ ಸಮಯದ ಫಾರ್ಮ್ಯಾಟ್ ಬರೆಯುವಾಗ ಸಣ್ಣ ಎಂ ಎಂದರೆ ತಿಂಗಳು, ದೊಡ್ಡ ಎಂ ಎಂದರೆ ನಿಮಿಷ. ಗಂಟೆಯ ಪಕ್ಕದಲ್ಲಿ ಸಣ್ಣ ಎಂ ಬಿದ್ದಿದ್ದ ಒಂದು ಲಾಗ್‌ನಲ್ಲಿ ಜುಲೈಯ ಪ್ರತಿಯೊಂದು ಘಟನೆಯೂ ಏಳನೆಯ ನಿಮಿಷದಲ್ಲಿಯೇ ನಡೆದಿತ್ತು: 09:07:12, 09:07:48, 09:07:03. ಆಗಸ್ಟ್ ಬಂದಾಗ ಎಲ್ಲವೂ ಎಂಟನೆಯ ನಿಮಿಷಕ್ಕೆ ಹೋದವು. ತಿಂಗಳಿನ ಸಂಖ್ಯೆ 1ರಿಂದ 12, ಅವೆಲ್ಲವೂ ನಿಮಿಷವಾಗಿಯೂ ಸಲ್ಲುತ್ತವೆ. ಹಾಗಾಗಿ ಯಾವ ಪರೀಕ್ಷೆಯೂ ಇದನ್ನು ತಪ್ಪೆಂದು ಹಿಡಿಯುವುದಿಲ್ಲ. ಉಲ್ಟಾ ಆಗಿದ್ದರೆ, ಅಂದರೆ ತಿಂಗಳ ಜಾಗದಲ್ಲಿ ನಿಮಿಷ ಬಂದಿದ್ದರೆ, ಮೂವತ್ತೇಳನೆಯ ತಿಂಗಳು ಎಂದು ಆ ಕ್ಷಣವೇ ಕಿರುಚುತ್ತಿತ್ತು. ಎರಡು ಯಂತ್ರಗಳ ಲಾಗ್ ಸೇರಿಸಿ ಸಮಯದ ಪ್ರಕಾರ ಜೋಡಿಸಿದಾಗ ಕಾರಣ ಕಾರ್ಯಗಳು ತಲೆಕೆಳಗಾದದ್ದು ಕಂಡು ಇದು ಬಯಲಾಯಿತು.

ನನ್ನನ್ನು ನಿಜವಾಗಿ ಕಳವಳಗೊಳಿಸುವುದು ಕಾಣೆಯಾಗುವ ಸಾಲುಗಳು. ಪೈಥಾನ್‌ನಲ್ಲಿ ಲಾಗ್ ಸಂದೇಶ ಬರೆಯುವಾಗ ವಾಕ್ಯದಲ್ಲಿ ಬಿಟ್ಟ ಜಾಗಗಳೂ ಅವಕ್ಕೆ ಕೊಟ್ಟ ಬೆಲೆಗಳೂ ಸಂಖ್ಯೆಯಲ್ಲಿ ಹೊಂದಬೇಕು. ಎರಡು ಜಾಗ ಬಿಟ್ಟು ಮೂರು ಬೆಲೆ ಕೊಟ್ಟರೆ ಆ ಸಂದೇಶ ಫೈಲಿಗೆ ಹೋಗುವುದೇ ಇಲ್ಲ. ಪ್ರೋಗ್ರಾಂ ನಿಲ್ಲುವುದೂ ಇಲ್ಲ. ‘ಲಾಗಿಂಗ್ ದೋಷ’ ಎಂಬ ದೂರೊಂದು ದೋಷಗಳಿಗೆಂದೇ ಇರುವ ಪ್ರತ್ಯೇಕ ಹರಿವಿಗೆ ಹೋಗುತ್ತದೆ, ಲೆಕ್ಕ ಮುಂದುವರಿಯುತ್ತದೆ. ಲಾಗ್ ಬರೆಯಲಾಗಲಿಲ್ಲ ಎಂಬ ಕಾರಣಕ್ಕೆ ಮುಖ್ಯ ಕೆಲಸ ಕೆಡಬಾರದು ಎಂಬ ಆ ವಿನ್ಯಾಸ ವಿವೇಕದ್ದೇ. ಆದರೆ ರಾತ್ರಿ ತಾನಾಗಿ ಓಡುವ ಕೆಲಸಗಳಲ್ಲಿ ಆ ಹರಿವನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಎಷ್ಟೋ ಕಡೆ ಅದನ್ನು ಬೇಕೆಂದೇ ಎಸೆದುಬಿಡುತ್ತಾರೆ.

ಈಗ ಯೋಚಿಸಿ, ಇಂಥ ತಪ್ಪು ಯಾವ ಸಾಲಿನಲ್ಲಿ ಉಳಿದುಕೊಳ್ಳುತ್ತದೆ? ‘ಫೈಲ್ ತೆರೆಯಲಾಯಿತು’ ಎಂಬ ಸಾಲಿನಲ್ಲಿ ಅಲ್ಲ. ಅದು ದಿನಕ್ಕೆ ನೂರು ಸಲ ಓಡುತ್ತದೆ, ತಪ್ಪಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಉಳಿದುಕೊಳ್ಳುವುದು ವರ್ಷಕ್ಕೊಮ್ಮೆ ಓಡುವ ಸಾಲಿನಲ್ಲಿ: ಬ್ಯಾಟರಿ ಇಳಿದಿದೆ, ಮಾಪಕ ಸತತ ಆರು ಗಂಟೆ ಒಂದೇ ಬೆಲೆ ತೋರಿಸುತ್ತಿದೆ, ಬಾವಿಯ ಮಟ್ಟ ಸೆನ್ಸರಿನ ಮಿತಿಗಿಂತ ಮೇಲೆ ಹೋಗಿದೆ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಜೋರು ಮಳೆಗೆ ಬಾವಿ ಥಟ್ಟನೆ ಏರುತ್ತದೆ. ಆ ಏರಿಕೆಯ ಎಚ್ಚರಿಕೆಯನ್ನು ಬರೆದವರು ಒಣ ಬೇಸಿಗೆಯಲ್ಲಿ ಮೇಜಿನ ಮುಂದೆ ಕೂತು ಬರೆದಿರುತ್ತಾರೆ, ಅದು ಓಡುವ ಸಂದರ್ಭವನ್ನು ಕಂಡಿರುವುದಿಲ್ಲ. ಹೀಗೆ ಅತಿ ಮುಖ್ಯವಾದ ಸಂದೇಶವೇ ಅತಿ ಕಡಿಮೆ ಪರೀಕ್ಷೆಗೊಳಗಾದ ಸಂದೇಶವಾಗಿರುತ್ತದೆ. ಈ ಒಂದು ಕಾರಣಕ್ಕೆ, ಎಚ್ಚರಿಕೆಯ ಸಾಲುಗಳನ್ನೆಲ್ಲ ಬಲವಂತವಾಗಿ ಒಮ್ಮೆ ಓಡಿಸಿ ನೋಡುವ ಪರೀಕ್ಷೆ ಇಲ್ಲದ ಕೋಡ್ ಅನ್ನು ನಾನು ಒಪ್ಪುವುದಿಲ್ಲ. ಜೊತೆಗಿರುವವರಿಗೆ ಇದು ಅತಿಯೆನಿಸುತ್ತದೆ. ಎನಿಸಲಿ.

ಲಾಗ್ ಹೇಳದೆ ನುಂಗುವ ಇನ್ನೊಂದು ಬಗೆ ಇದೆ. ನಮ್‌ಪೈ ಎಂಬ ಗಣಿತದ ಲೈಬ್ರರಿ ಉದ್ದದ ಸಂಖ್ಯಾಪಟ್ಟಿಯನ್ನು ಮುದ್ರಿಸುವಾಗ ಸಾವಿರಕ್ಕಿಂತ ಹೆಚ್ಚು ಅಂಶಗಳಿದ್ದರೆ ಮೊದಲ ಮೂರು, ಕೊನೆಯ ಮೂರು ತೋರಿಸಿ ನಡುವೆ ಚುಕ್ಕಿಗಳನ್ನು ಹಾಕುತ್ತದೆ. ಗಂಟೆಗೊಮ್ಮೆ ಅಳೆದರೆ ದಿನಕ್ಕೆ 24 ಬೆಲೆ, ಎಲ್ಲವೂ ಲಾಗ್‌ನಲ್ಲಿ ಕಾಣುತ್ತದೆ. ನಿಮಿಷಕ್ಕೊಮ್ಮೆ ಅಳೆಯುವ ಹೊಸ ಮಾಪಕ ಬಂದರೆ ದಿನಕ್ಕೆ 1,440. ಮಾಪಕ ಉತ್ತಮವಾಯಿತು, ಲಾಗ್ ಕುರುಡಾಯಿತು. ಮಧ್ಯಾಹ್ನದ ಗುಡುಗು ಮಳೆ ಪೂರ್ತಿ ಆ ಮೂರು ಚುಕ್ಕಿಗಳ ಒಳಗೆ. 2024ರ ಜೂನ್‌ನಲ್ಲಿ ಬಂದ ನಮ್‌ಪೈ 2.0 ಇನ್ನೊಂದು ಬದಲಾವಣೆ ತಂದಿತು: ಪಟ್ಟಿಯೊಳಗಿನ ಬಿಡಿ ಸಂಖ್ಯೆ ಮೊದಲು 3.2 ಎಂದು ಕಾಣುತ್ತಿದ್ದಲ್ಲಿ ಈಗ ಎನ್‌ಪಿ.ಫ್ಲೋಟ್64(3.2) ಎಂದು ಕಾಣುತ್ತದೆ. ಸಂಖ್ಯೆಯ ಬಗೆ ತಿಳಿಯುತ್ತದೆ, ಅದು ಒಳ್ಳೆಯದೇ. ಆದರೆ ಲಾಗ್‌ನಿಂದ ಅಂಕಿ ಹೆಕ್ಕುವ ಸ್ಕ್ರಿಪ್ಟ್‌ಗಳು ಆ 64 ಅನ್ನೂ ಮಳೆಯೆಂದು ಹೆಕ್ಕಬಲ್ಲವು.

ಲಾಗ್‌ನಲ್ಲಿ ಎಷ್ಟು ದಶಮಾಂಶ ಇರಬೇಕು ಎಂಬ ಚರ್ಚೆ ಬಂದಾಗಲೆಲ್ಲ ನಾನು ಎಡ್ವರ್ಡ್ ಲೊರೆನ್ಜ್ ಅವರನ್ನು ಎಳೆದು ತರುತ್ತೇನೆ. ಹವಾಮಾನಕ್ಕೂ ಮುದ್ರಣದ ಫಾರ್ಮ್ಯಾಟಿಗೂ ಇರುವ ನಂಟಿಗೆ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅವರು ಒಂದು ಸಣ್ಣ ಕಂಪ್ಯೂಟರಿನಲ್ಲಿ ಹವೆಯ ಮಾದರಿಯೊಂದನ್ನು ಓಡಿಸುತ್ತಿದ್ದರು. ಯಂತ್ರದ ಒಳಗೆ ಆರು ದಶಮಾಂಶ, ಕಾಗದದ ಮೇಲೆ ಮೂರು. ಹಿಂದಿನ ಓಟವನ್ನು ನಡುವಿನಿಂದ ಮತ್ತೆ ನೋಡಬೇಕೆಂದು ಅವರು ಕಾಗದದಲ್ಲಿದ್ದ 0.506 ಅನ್ನು ಹಾಗೆಯೇ ಒತ್ತಿದರು; ಒಳಗಿದ್ದದ್ದು 0.506127. ಸ್ವಲ್ಪ ದೂರ ಜೊತೆಯಾಗಿ ನಡೆದ ಎರಡು ಹವೆಗಳು ಆಮೇಲೆ ಪೂರ್ತಿ ಬೇರೆಯಾದವು. ಅವರು ಅದನ್ನು ಯಂತ್ರದ ದೋಷವೆಂದು ಬಿಟ್ಟುಬಿಡಲಿಲ್ಲ. 1963ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಅಸ್ತವ್ಯಸ್ತತೆಯ ವಿಜ್ಞಾನವೇ ಬೆಳೆಯಿತು. ನಮ್ಮ ಕೆಲಸದಲ್ಲಿ ಅಂಥ ಭಾಗ್ಯ ಇರುವುದಿಲ್ಲ. ಲಾಗ್‌ನಲ್ಲಿ ಎರಡು ದಶಮಾಂಶ ಕಂಡವರು ಅದೇ ನಿಜವಾದ ಬೆಲೆ ಎಂದುಕೊಂಡು ಅಲ್ಲಿಂದ ಲೆಕ್ಕ ಮುಂದುವರಿಸುತ್ತಾರೆ, ಉತ್ತರ ಏಕೆ ಬೇರೆ ಬಂತು ಎಂದು ನಮ್ಮನ್ನು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ 64 ಬಿಟ್‌ಗಳ ದಶಮಾಂಶ ಸಂಖ್ಯೆಯನ್ನು ಬರೆದು ಮತ್ತೆ ಅದೇ ಸಂಖ್ಯೆಯಾಗಿ ಓದಿಕೊಳ್ಳಬೇಕಾದರೆ 17 ಅಂಕಿಗಳವರೆಗೆ ಬೇಕಾಗುತ್ತದೆ. ಮನುಷ್ಯ ಓದುವ ಸಾಲಿಗೆ ಅಷ್ಟು ಬೇಡ, ಮತ್ತೆ ಲೆಕ್ಕಕ್ಕೆ ಬಳಸುವ ಸಾಲಿಗೆ ಬೇಕೇ ಬೇಕು. ಇವೆರಡನ್ನೂ ಒಂದೇ ಸಾಲಿನಲ್ಲಿ ಸಾಧಿಸಲು ಹೋಗುವುದರಿಂದಲೇ ಅರ್ಧ ತೊಂದರೆ.

ಫಾರ್ಮ್ಯಾಟ್ ದೋಷ ಮತ್ತೊಂದು ದೋಷವನ್ನು ಮುಚ್ಚಿಟ್ಟ ಕಥೆ ಇನ್ನೂ ನೋವಿನದು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1998ರ ಡಿಸೆಂಬರಿನಲ್ಲಿ ಹೊರಟು 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಕಳೆದುಹೋಯಿತು. ಕಾರಣ ಎಲ್ಲರಿಗೂ ಗೊತ್ತು: ಒಂದು ತಂಡದ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಬರೆಯಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಲೆಕ್ಕವೆಂದು ಓದಿತು. ಕಡಿಮೆ ಜನರ ಗಮನಕ್ಕೆ ಬಂದ ಸಂಗತಿಯೊಂದು ತನಿಖಾ ಮಂಡಳಿಯ ವರದಿಯಲ್ಲಿದೆ. ಹಾರಾಟದ ಮೊದಲ ನಾಲ್ಕು ತಿಂಗಳು ಆ ಅಂಕಿಗಳಿದ್ದ ಫೈಲುಗಳನ್ನು ಬಳಸಲಿಕ್ಕೇ ಆಗಿರಲಿಲ್ಲ, ಅವುಗಳಲ್ಲಿ ಫಾರ್ಮ್ಯಾಟ್ ದೋಷಗಳಿದ್ದವು. ಅಷ್ಟು ಕಾಲ ಇಮೇಲ್ ಮೂಲಕ ಬಂದ ಮಾಹಿತಿಯಿಂದ ಕೆಲಸ ಸಾಗಿಸಿದರು. ಫೈಲ್ ಓದುವಂತಾದ ಮೇಲೆಯೇ ಅಂಕಿಗಳಲ್ಲಿ ಏನೋ ಹೊಂದುತ್ತಿಲ್ಲ ಎಂಬುದು ಕಾಣಿಸತೊಡಗಿತು. ಆ ನಾಲ್ಕು ತಿಂಗಳು ಕೈಯಲ್ಲಿದ್ದಿದ್ದರೆ ಎಂದು ನನಗೆ ಅನಿಸದೆ ಇರುವುದಿಲ್ಲ.

ಅದಾದ ಮೇಲೆ ನಮ್ಮ ಮಳೆಮಾಪಕದ ಸಾಲನ್ನು ನೋಡಿ. ಸಣ್ಣ ಬಟ್ಟಲು ತುಂಬಿದಾಗಲೊಮ್ಮೆ ಮಗುಚಿಕೊಳ್ಳುವ ಮಾಪಕಗಳಿವು; ಎಷ್ಟು ಸಲ ಮಗುಚಿತು ಎಂದು ಎಣಿಸುವುದೇ ಅಳತೆ. ಲಾಗ್‌ನಲ್ಲಿ ‘ಮಗುಚಿದ್ದು 412’ ಎಂದಿದೆ, ಮುಂದೆ ಏನೂ ಇಲ್ಲ. ಒಂದು ಮಗುಚಿಗೆ 0.2 ಮಿಲಿಮೀಟರ್ ಎಂದಾದರೆ 82.4 ಮಿಲಿಮೀಟರ್ ಮಳೆ. ಇಂಚಿನ ನೂರನೆಯ ಒಂದು ಭಾಗ, ಅಂದರೆ 0.254 ಮಿಲಿಮೀಟರ್ ಎಂದಾದರೆ ಸುಮಾರು 104.6. ಎರಡೂ ಬಗೆಯ ಮಾಪಕಗಳು ಮಾರುಕಟ್ಟೆಯಲ್ಲಿವೆ, ಹೊರಗಿನಿಂದ ನೋಡಲು ಒಂದೇ ತರಹ. ಯಾವ ಮಾಪಕ ಎಂಬುದನ್ನು ಸಾಲಿನಲ್ಲಿಯೇ ಬರೆಯದೆ ಬೇರೆಲ್ಲೋ ಇರುವ ಕಾಗದವನ್ನು ನಂಬುವುದು ನನಗೆ ಸಮ್ಮತವಲ್ಲ. ಕೆಟ್ಟ ಮಾಪಕವನ್ನು ಬದಲಿಸುವವರು ಮಳೆಯಲ್ಲಿ ನೆನೆಯುತ್ತಾ ಬದಲಿಸಿ ಬರುತ್ತಾರೆ, ಕಾಗದ ತಿದ್ದುವುದು ಅವರ ನೆನಪಿನಲ್ಲಿ ಎಲ್ಲಿರಬೇಕು?

ಕೊನೆಯದಾಗಿ ಹೆಸರುಗಳ ವಿಷಯ. ನನಗೆ ಅತಿ ಹತ್ತಿರದ್ದು.

ನಮ್ಮ ಲಾಗ್‌ನಲ್ಲಿ ಕೇಂದ್ರಗಳ ಹೆಸರು ಕನ್ನಡದಲ್ಲಿ ಇರಬೇಕೆಂದು ಪಟ್ಟು ಹಿಡಿದವನು ನಾನು. ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬಳೆ. ಮಾಪಕ ಶುಚಿಮಾಡುವವರು, ಫೋನಿನಲ್ಲಿ ವಿಚಾರಿಸುವ ಕೃಷಿಕರು ಹೇಳುವ ಹೆಸರುಗಳು ಇವು. ಲಾಗ್ ಓದಿ ಅವರಿಗೆ ವಿಷಯ ತಿಳಿಸಬೇಕಾದಾಗ ಅಡ್ಡ ಭಾಷಾಂತರ ಏಕೆ? ಇದರಿಂದ ತೊಂದರೆಗಳು ಬಂದವು, ಬಂದದ್ದೆಲ್ಲವೂ ನಿಜವಾದ ತೊಂದರೆಗಳೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕಾಸರಗೋಡು’ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರಿಗೆ ಗುಣಿತದ ಚಿಹ್ನೆಗಳೂ ಸೇರಿ ಎಂಟು ಸಂಕೇತ, 24 ಬೈಟ್. ಹೆಸರಿಗೆ 20 ಬೈಟ್ ಎಂದು ಮಿತಿ ಹಾಕಿದ್ದ ಭಾಗವೊಂದು ಅದನ್ನು ‘ಕಾಸರಗೋ’ ಎಂದು ಕತ್ತರಿಸಿ, ‘ಡ’ದ ಮೂರು ಬೈಟ್‌ಗಳಲ್ಲಿ ಎರಡನ್ನು ಉಳಿಸಿ, ಮುಂದಿನ ಪ್ರೋಗ್ರಾಂ ಓದಲಾಗದ ಕಸವನ್ನು ಮಾಡಿಟ್ಟಿತು. ವಿಂಡೋಸ್‌ನ ಹಳೆಯ ಸಂಕೇತವ್ಯವಸ್ಥೆಯಲ್ಲಿ ಫೈಲ್ ತೆರೆದಿದ್ದಲ್ಲಿ ಕನ್ನಡ ಬರೆಯಲಾಗದೆ ಇಡೀ ಸಂದೇಶವೇ ಹೋಯಿತು. ಇನ್ನೊಂದು ಕಡೆ ಎಂಟು ಪ್ರಶ್ನೆಚಿಹ್ನೆಗಳು.

‘ಹಾಗಾದರೆ ಕನ್ನಡ ತೆಗೆದುಬಿಡೋಣ’ ಎಂಬ ಮಾತು ಬರುವುದು ಇಂಥ ಹೊತ್ತಿನಲ್ಲಿಯೇ. ಗಡಿಯ ಈಚೆ ಬದುಕುವ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಅರ್ಜಿ ನಮೂನೆಯಲ್ಲಿ, ಬೋರ್ಡಿನಲ್ಲಿ ಕೇಳಿದ್ದೇವೆ. ಲಾಗ್‌ನಲ್ಲಿ ಅದನ್ನು ನಾನು ತಂತ್ರಜ್ಞಾನದ ನೆಲೆಯಲ್ಲಿಯೇ ಒಪ್ಪಲಿಲ್ಲ. ಬೈಟ್ ಎಣಿಸಿ ಕತ್ತರಿಸುವ ಕೋಡ್ ತಪ್ಪು, ಕನ್ನಡ ಅದನ್ನು ತೋರಿಸಿಕೊಟ್ಟಿತು. ಯಂತ್ರದ ಹೋಲಿಕೆಗೆ ಸಂಖ್ಯೆಯ ಗುರುತು, ಮನುಷ್ಯನ ಓದಿಗೆ ಕನ್ನಡದ ಹೆಸರು ಎಂದು ನಿರ್ಧರಿಸಿದೆವು. ಫೈಲ್ ತೆರೆಯುವಲ್ಲೆಲ್ಲ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆದೆವು.

ಆದರೂ ಹೆಸರಿನಿಂದಲೇ ಹುಡುಕುವವರು ಇರುತ್ತಾರೆ. ಅವರಿಗೆ ಎರಡು ‘ಕಾಸರಗೋಡು’ ಎದುರಾದವು, ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಒಂದೇ ಅಲ್ಲ. ಓತ್ವದ ದೀರ್ಘವನ್ನು, ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲನೆಯದು ಎಂಟು ಸಂಕೇತ, ಎರಡನೆಯದು ಹತ್ತು. ಹಳೆಯ ಅಕ್ಷರಶೈಲಿಯಿಂದ ಬದಲಿಸಿ ತಂದ ಪಟ್ಟಿಯಲ್ಲಿ ಎರಡನೆಯ ಬಗೆ ಇತ್ತು. ಇವೆರಡೂ ಒಂದೇ ಎಂದು ಯೂನಿಕೋಡ್ ಮಾನದಂಡವೇ ಹೇಳುತ್ತದೆ, ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವೂ ಅದರಲ್ಲಿದೆ. ಹೆಸರು ಒಳಗೆ ಬರುವ ಬಾಗಿಲಲ್ಲಿಯೇ ಆ ವಿಧಾನ ಹಾಕಿದ ಮೇಲೆ ಕನ್ನಡದ ಹುಡುಕಾಟ ಸರಿಯಾಯಿತು.

ಇದನ್ನು ಕಂಡು ನಮ್ಮ ಮಲಯಾಳಿ ಸಹೋದ್ಯೋಗಿ ಚಂದ್ರಗಿರಿ ಹೊಳೆಯ ತೆಂಕು ದಿಕ್ಕಿನ ಕೇಂದ್ರಗಳಿಗೆ ಮಲಯಾಳದ ಹೆಸರೂ ಇರಲಿ ಎಂದರು. ನನಗೆ ಸಂತೋಷವಾಯಿತು, ಅದೇ ವಿಧಾನ ಸಾಕೆಂದೂ ಅನಿಸಿತು. ಸಾಲಲಿಲ್ಲ. ಮಲಯಾಳದಲ್ಲಿ ಸ್ವರವಿಲ್ಲದ ವ್ಯಂಜನವನ್ನು ಬರೆಯುವ ಚಿಲ್ಲಕ್ಷರಗಳಿಗೆ 2008ರ ಯೂನಿಕೋಡ್ 5.1ರಲ್ಲಿ ಸ್ವತಂತ್ರ ಸಂಕೇತ ಕೊಟ್ಟರು; ಅದಕ್ಕಿಂತ ಮೊದಲು ಅವನ್ನು ವ್ಯಂಜನ, ಚಂದ್ರಕಲೆ (ಸ್ವರ ಕಳೆಯುವ ಚಿಹ್ನೆ), ಕಣ್ಣಿಗೆ ಕಾಣದ ಜೋಡಣೆಯ ಗುರುತು ಸೇರಿಸಿ ಬರೆಯುತ್ತಿದ್ದರು. ಹಳೆಯದೂ ಹೊಸದೂ ಸಮಾನವೆಂದು ಮಾನದಂಡ ಹೇಳುವುದಿಲ್ಲ, ಆದ್ದರಿಂದ ಆ ವಿಧಾನ ಅವನ್ನು ಮುಟ್ಟುವುದೇ ಇಲ್ಲ. ಜಿಲ್ಲೆಯ ಹೆಸರಿನ ಮಲಯಾಳ ರೂಪದಲ್ಲಿಯೇ ಒಂದು ಚಿಲ್ಲು ಇದೆ. ಹಳೆಯ ರೂಪವನ್ನು ಹೊಸದಕ್ಕೆ ತರುವ ಪಟ್ಟಿಯನ್ನು ನಾವಿಬ್ಬರೂ ಕೂತು ಕೈಯಾರೆ ಮಾಡುತ್ತಿದ್ದೇವೆ. ಅವರು ಅಕ್ಷರ ಹೇಳುತ್ತಾರೆ, ನಾನು ಸಂಕೇತ ನೋಡಿ ಬರೆದುಕೊಳ್ಳುತ್ತೇನೆ, ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಸೇರಿಸುತ್ತೇನೆ.